ಮೆಲ್ಬರ್ನ್‌ಗೆ ಹೊರಟಿರುವ ತುಮಕೂರಿನ ಗಂಡ-ಹೆಂಡತಿಯರಿಗೆ: ಶನಿವಾರ, ಭಾನುವಾರ ಮೈದಾನಕ್ಕೆ ಬನ್ನಿ

ನಾನು ಊರಿಗೆ ಬಂದೆನೆಂದರೆ ಸಾಕು, ಯಾರಾದರೂ ಮನೆಗೆ ಬಂದು ಮೆಲ್ಬರ್ನ್ ಬಗ್ಗೆ ಕೇಳುತ್ತಾರೆ. ಮಗನಿಗೋ ಅಳಿಯನಿಗೋ ವೀಸಾ ಆಗಿರುತ್ತದೆ. ಬಾಡಿಗೆ ಎಷ್ಟು, ಸೋನಾ ಮಸೂರಿ ಸಿಗುತ್ತಾ, ಕುಕ್ಕರ್ ಕಳಿಸಬೇಕಾ ಅಂತ ಕೇಳುತ್ತಾರೆ. ಅಕ್ಕಿ, ಕುಕ್ಕರ್ ಎಲ್ಲ ಅಲ್ಲೇ ಸಿಗುತ್ತದೆ, ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ಶನಿವಾರ, ಭಾನುವಾರದ ಬಗ್ಗೆ.

ವಾರದ ಐದು ದಿನ ಕೆಲಸದಲ್ಲಿ ಹೋಗಿಬಿಡುತ್ತದೆ. ರಜಾ ದಿನ ಬಟ್ಟೆ ಒಗೆದು, ದಿನಸಿ ತಂದು, ಅಮ್ಮನಿಗೆ ವಿಡಿಯೊ ಕಾಲ್ ಮಾಡಿದರೆ ಶನಿವಾರ ಮಧ್ಯಾಹ್ನಕ್ಕೇ ಎಲ್ಲ ಮುಗಿದಿರುತ್ತದೆ. ಆಮೇಲೆ ಮನೆ ಬಿಕೋ ಅನ್ನುತ್ತದೆ. ಗಂಡ ಫೋನಿನಲ್ಲಿ, ಹೆಂಡತಿ ಟಿವಿ ಮುಂದೆ. ಹೊಸದಾಗಿ ಬಂದ ಎಷ್ಟೋ ಜೋಡಿಗಳು ಹೀಗೇ ಸೊರಗುವುದನ್ನು ನೋಡಿದ್ದೇನೆ. ಅದಕ್ಕೇ ಹೇಳುತ್ತೇನೆ, ಆ ಎರಡು ದಿನ ಆಟಕ್ಕೆ ಕೊಡಿ. ಒಂದು ಆಟ ಆಡಿ, ಒಂದು ಆಟ ನೋಡಿ. ಗಂಡ ಮಾತ್ರ ಅಲ್ಲ, ಇಬ್ಬರೂ. ಮೆಲ್ಬರ್ನಿನಲ್ಲಿ ಜನ ಬೇಗ ಹತ್ತಿರ ಆಗುವುದು ಮೈದಾನದಲ್ಲಿ.

ಮೊದಲು ಆಡುವ ವಿಷಯ. ಜೂನಿಯರ್ ಕಾಲೇಜ್ ಗ್ರೌಂಡಿನಲ್ಲಿ ಟೆನಿಸ್ ಬಾಲ್ ಆಡಿ ಬೆಳೆದವರಿಗೆ ಅಲ್ಲಿ ಕ್ಲಬ್ ಸಿಗುವುದು ಕಷ್ಟವೇ ಅಲ್ಲ. ಪ್ರತಿ ಬಡಾವಣೆಗೂ ಒಂದು ಕ್ರಿಕೆಟ್ ಕ್ಲಬ್ ಇರುತ್ತದೆ. ಒಂದೊಂದು ಕ್ಲಬ್ಬಿನಲ್ಲೂ ನಾಲ್ಕೈದು ದರ್ಜೆಯ ಟೀಮುಗಳು. ಕೆಳಗಿನ ದರ್ಜೆಯಲ್ಲಿ ಹದಿನಾರರ ಹುಡುಗನೂ ಅರವತ್ತರ ತಾತನೂ ಒಟ್ಟಿಗೆ ಆಡುತ್ತಾರೆ. ಸೀಸನ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಅಲ್ಲಿ ಆಗ ಬೇಸಿಗೆ. ಪ್ರಾಕ್ಟೀಸ್ ವಾರದ ನಡುವೆ ಸಂಜೆ ಹೊತ್ತು ಇರುತ್ತದೆ. ಸೀಸನ್ ಶುರುವಾಗುವ ಮುಂಚೆಯೇ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೋಗಿ ಹೆಸರು ಕೊಡಿ. ಆಗ ಕ್ಲಬ್ಬಿನವರೇ ಹೊಸಬರನ್ನು ಹುಡುಕುತ್ತಿರುತ್ತಾರೆ.

ಲೆದರ್ ಬಾಲ್ ಅಂತ ಹೆದರಬೇಡಿ. ಆದರೆ ಹೆಲ್ಮೆಟ್ ಬಿಡಬೇಡಿ. ಕೆಳಗಿನ ದರ್ಜೆಯ ಪಿಚ್ ಬಹಳಷ್ಟು ಕಡೆ ಕಾಂಕ್ರೀಟಿನ ಮೇಲೆ ಕೃತಕ ಹುಲ್ಲು ಹಾಸಿದ್ದು. ಚೆಂಡು ಪುಟಿದು ಎದೆಯೆತ್ತರಕ್ಕೆ ಬರುತ್ತದೆ. ಮುಂಗಾಲಿನಲ್ಲಿ ಎಳೆದು ಹೊಡೆಯುವ ನಮ್ಮ ಟೆನಿಸ್ ಬಾಲ್ ಆಟ ಅಲ್ಲಿ ನಡೆಯುವುದಿಲ್ಲ, ಹಿಂಗಾಲಿಗೆ ಹೋಗುವುದನ್ನು ಕಲಿಯಬೇಕು. ಆ ಪಿಚ್‌ಗೆ ಸ್ಪೈಕ್ಸ್ ಬೇಡ, ರಬ್ಬರ್ ಸೋಲಿನ ಶೂ ಸಾಕು. ಕೆಲವು ಮ್ಯಾಚುಗಳು ಎರಡು ಶನಿವಾರ ನಡೆಯುತ್ತವೆ. ಈ ವಾರ ಒಂದು ಟೀಮು ಬ್ಯಾಟ್ ಮಾಡಿದರೆ ಮುಂದಿನ ವಾರ ಇನ್ನೊಂದು. ಒಪ್ಪಿಕೊಂಡರೆ ಎರಡೂ ಶನಿವಾರ ಬರಲೇಬೇಕು. ಒಂದು ವಾರ ಆಡಿ ಇನ್ನೊಂದು ವಾರ ಹಬ್ಬ ಅಂತ ಕೈಕೊಟ್ಟರೆ ಅವರಿಗೆ ಬೇಜಾರಾಗುತ್ತದೆ. ಮೊದಲೇ ಹೇಳಿದರೆ ಯಾರೂ ಏನೂ ಅನ್ನುವುದಿಲ್ಲ.

ಮೈದಾನದ ಕೆಲಸವನ್ನೂ ಆಡುವವರೇ ಮಾಡಬೇಕು. ಬೌಂಡರಿ ಗುರುತು ಇಡುವುದು, ಸ್ಟಂಪ್ ನೆಡುವುದು, ಫೋನಿನಲ್ಲಿ ಸ್ಕೋರ್ ಹಾಕುವುದು. ನಿಮ್ಮ ಬ್ಯಾಟಿಂಗ್ ಮುಗಿದ ಮೇಲೆ ಅಂಪೈರ್ ಆಗಿ ನಿಲ್ಲುವ ಸರದಿಯೂ ಬರಬಹುದು. ಯಾರೂ ಹೇಳುವುದಕ್ಕೆ ಕಾಯಬೇಡಿ, ಹೋಗಿ ಕೈಹಾಕಿ. ಕ್ಯಾಪ್ಟನ್ ನಿಮ್ಮ ಅಪ್ಪನ ವಯಸ್ಸಿನವರಾಗಿದ್ದರೂ ಸರ್ ಅನ್ನಬೇಡಿ, ಹೆಸರು ಹಿಡಿದೇ ಕರೆಯಿರಿ. ಬಾಯಿ ಬರುವುದಿಲ್ಲ, ಗೊತ್ತು. ಆದರೆ ಅವರಿಗೆ ಅದೇ ಸರಿ ಅನ್ನಿಸುತ್ತದೆ. ಆಟ ಮುಗಿದ ತಕ್ಷಣ ಕಿಟ್ ಎತ್ತಿಕೊಂಡು ಓಡಿಬರಬೇಡಿ. ಎಲ್ಲರೂ ಬೀರ್ ಹಿಡಿದು ಕೂರುತ್ತಾರೆ, ನೀವು ನಿಂಬೆ ಸೋಡಾ ಹಿಡಿದು ಕೂರಿ. ಕುಡಿಯದವರನ್ನು ಯಾರೂ ಒತ್ತಾಯ ಮಾಡುವುದಿಲ್ಲ. ಊಟಕ್ಕೆ ಸಾಮಾನ್ಯವಾಗಿ ಕಾವಲಿಯ ಮೇಲೆ ಸುಟ್ಟ ಮಾಂಸದ ಸಾಸೇಜ್ ಇರುತ್ತದೆ. ತಿನ್ನುವುದಿಲ್ಲ ಅಂತ ಮುಂಚೆಯೇ ಹೇಳಿದರೆ ಬೇರೆ ಏನಾದರೂ ಮಾಡುತ್ತಾರೆ. ಆ ಅರ್ಧ ಗಂಟೆಯ ಹರಟೆಯಲ್ಲೇ ಒಳ್ಳೆ ಮೆಕ್ಯಾನಿಕ್ ಯಾರು, ಮಕ್ಕಳ ಡಾಕ್ಟರ್ ಎಲ್ಲಿ ಅನ್ನುವುದೆಲ್ಲ ಗೊತ್ತಾಗುತ್ತದೆ.

ಈಗ ಹೆಣ್ಣುಮಕ್ಕಳಿಗೆ. ನಿಮ್ಮನೆಯವರ ಮ್ಯಾಚಿಗೆ ಚಿತ್ರಾನ್ನದ ಡಬ್ಬಿ ಹಿಡಿದು ಹೋಗಿ ನೆರಳಲ್ಲಿ ಕೂರುವುದು ಚೆನ್ನಾಗಿಯೇ ಇರುತ್ತದೆ. ಆದರೆ ಅದಷ್ಟೇ ನಿಮ್ಮ ಶನಿವಾರ ಆಗಬಾರದು. ನಿಮ್ಮದೇ ಒಂದು ಆಟ ಇರಲಿ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಬ್ಯಾಡ್ಮಿಂಟನ್ ಕೋರ್ಟುಗಳಿವೆ. ನೆಟ್‌ಬಾಲ್ ಹೆಂಗಸರು ತುಂಬ ಆಡುವ, ಬ್ಯಾಸ್ಕೆಟ್‌ಬಾಲ್ ತರಹದ ಆಟ. ಹೆಂಗಸರ ಕ್ರಿಕೆಟ್ ಟೀಮಿರುವ ಕ್ಲಬ್ಬುಗಳೂ ಇವೆ, ಬ್ಯಾಟ್ ಹಿಡಿಯಲು ಬಾರದಿದ್ದರೂ ಕಲಿಸಿಕೊಡುತ್ತಾರೆ. ಇದ್ಯಾವುದೂ ಬೇಡ ಅಂದರೆ ಪಾರ್ಕಿನಲ್ಲಿ ಎಲ್ಲರೂ ಸೇರಿ ಓಡುವ ಪಾರ್ಕ್‌ರನ್‌ಗೆ ಹೋಗಿ. ಶನಿವಾರ ಬೆಳಿಗ್ಗೆ 8ಕ್ಕೆ, 5 ಕಿಲೋಮೀಟರ್, ಪೂರ್ತಿ ಉಚಿತ. ಒಮ್ಮೆ ಹೆಸರು ನೋಂದಾಯಿಸಿಕೊಂಡು ಬಾರ್‌ಕೋಡ್ ತಗೊಂಡರೆ ಆಯಿತು. ಓಡಲೇಬೇಕು ಅಂತಿಲ್ಲ, ಅಮಾನಿಕೆರೆ ಸುತ್ತ ವಾಕಿಂಗ್ ಮಾಡುವವರು ಆರಾಮಾಗಿ ಮುಗಿಸುತ್ತಾರೆ. ಎಷ್ಟೇ ನಿಧಾನ ಆದರೂ ನೀವು ಕೊನೆಯವರಾಗುವುದಿಲ್ಲ. ಎಲ್ಲರ ಹಿಂದೆ ನಡೆದು ಬರುವುದಕ್ಕೆ ಅಂತಲೇ ಒಬ್ಬ ಸ್ವಯಂಸೇವಕರು ಇರುತ್ತಾರೆ.

ಭಾನುವಾರ ನೋಡುವುದಕ್ಕೆ. ಎಂ.ಸಿ.ಜಿ.ಗೆ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿಗೆ ಹೋಗದೆ ಮೆಲ್ಬರ್ನ್ ನೋಡಿದೆ ಅನ್ನಬೇಡಿ. ಸುಮಾರು ಒಂದು ಲಕ್ಷ ಜನ ಹಿಡಿಸುವ ಮೈದಾನ ಅದು. ಕನ್ನಡಿಗರಿಗಂತೂ ಅದು ನಮ್ಮದೇ ಅನ್ನಿಸಬೇಕು. 1977ರ ಕೊನೆಯಲ್ಲಿ ಶುರುವಾದ ಟೆಸ್ಟ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಅಲ್ಲಿ ಎರಡೂ ಇನ್ನಿಂಗ್ಸ್‌ನಲ್ಲಿ 52 ರನ್ನಿಗೆ 6 ವಿಕೆಟ್ ತೆಗೆದರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದು ಅವತ್ತು. ಕೆ.ಎಲ್. ರಾಹುಲ್ 2014ರಲ್ಲಿ, ಮಯಂಕ್ ಅಗರ್ವಾಲ್ 2018ರಲ್ಲಿ ಮೊದಲ ಟೆಸ್ಟ್ ಆಡಿದ್ದೂ ಅಲ್ಲೇ, ಡಿಸೆಂಬರ್ 26ಕ್ಕೆ ಶುರುವಾಗುವ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲೇ. ಮಯಂಕ್ ಮೊದಲ ಇನ್ನಿಂಗ್ಸ್‌ನಲ್ಲೇ 76 ಹೊಡೆದರು. 2020ರ ಮಾರ್ಚ್ 8ರಂದು ಮಹಿಳಾ ಟಿ20 ವಿಶ್ವಕಪ್ ಫೈನಲ್‌ಗೆ 86,174 ಜನ ಸೇರಿದ್ದರು. ನಮ್ಮ ವೇದಾ ಕೃಷ್ಣಮೂರ್ತಿ, ರಾಜೇಶ್ವರಿ ಗಾಯಕ್ವಾಡ್ ಭಾರತದ ಪರ ಆಡಿದರು. ಸೋತೆವು, ನಿಜ. ಆದರೂ ಅಷ್ಟು ಜನರ ಮುಂದೆ ಕರ್ನಾಟಕದ ಹುಡುಗಿಯರು ಆಡಿದ್ದು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಚಳಿಗಾಲದಲ್ಲಿ ಅದೇ ಮೈದಾನದಲ್ಲಿ ಎ.ಎಫ್.ಎಲ್. ಫುಟಿ, ಅಂದರೆ ಆಸ್ಟ್ರೇಲಿಯಾದವರದೇ ಆದ ಫುಟ್ಬಾಲ್. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಊರೇ ಇದರ ಮಾತಾಡುತ್ತದೆ. ಟೀಮಿಗೆ 18 ಜನ, ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಮಧ್ಯದ ಎರಡು ಕಂಬದ ನಡುವೆ ಒದ್ದರೆ ಗೋಲು, 6 ಪಾಯಿಂಟ್. ಪಕ್ಕದಲ್ಲಿ ಹೋದರೆ 1. ಗೋಲಾದಾಗ ಕಂಬದ ಹತ್ತಿರದ ಅಂಪೈರ್ ಎರಡೂ ತೋರುಬೆರಳು ಮುಂದೆ ಚಾಚುತ್ತಾರೆ, ಆಮೇಲೆ ಎರಡು ಬಾವುಟ ಬೀಸುತ್ತಾರೆ. ಅದೊಂದನ್ನು ನೋಡುತ್ತಿದ್ದರೆ ಸ್ಕೋರ್ ಅರ್ಥ ಆಗುತ್ತದೆ. ಉಳಿದದ್ದನ್ನು ಪಕ್ಕದವರನ್ನು ಕೇಳಿ, ಖುಷಿಯಿಂದ ಹೇಳುತ್ತಾರೆ. ಎರಡೂ ಕಡೆಯ ಬೆಂಬಲಿಗರು ಒಟ್ಟೊಟ್ಟಿಗೇ ಕೂರುತ್ತಾರೆ, ಕೂಗಾಡುತ್ತಾರೆ, ಜಗಳ ಕಡಿಮೆ. ರಿಚ್ಮಂಡ್, ಎಸೆಂಡನ್, ಹಾಥಾರ್ನ್ ಹೀಗೆ ಬಡಾವಣೆಗಳ ಹೆಸರಿನ ಟೀಮುಗಳಿವೆ. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಸೋತರೂ ಬಿಡಬೇಡಿ. ಸೋಮವಾರ ಆಫೀಸಿನಲ್ಲಿ ಮಾತು ತಾನಾಗಿ ಶುರುವಾಗುತ್ತದೆ.

ಹೋಗುವಾಗ ಊಟ ಕಟ್ಟಿಕೊಂಡೇ ಹೋಗಿ, ಒಳಗೆ ಬಿಡುತ್ತಾರೆ. ಗಾಜಿನ ಬಾಟಲಿ, ಕ್ಯಾನ್ ಬೇಡ. ರೈಲಿನಲ್ಲಿ ರಿಚ್ಮಂಡ್ ಅಥವಾ ಜೋಲಿಮಾಂಟ್‌ನಲ್ಲಿ ಇಳಿದರೆ ನಡೆಯುವಷ್ಟೇ ದೂರ. ಬೇಸಿಗೆಯಲ್ಲೂ ಜಾಕೆಟ್ ಇರಲಿ, ಮಧ್ಯಾಹ್ನ ಬಿಸಿಲಿದ್ದು ಸಂಜೆ ಗಾಳಿ ಕೊರೆಯುತ್ತದೆ. ಟೋಪಿ, ಸನ್‌ಸ್ಕ್ರೀನ್ ಬೇಕೇ ಬೇಕು. ತುಮಕೂರಿನ ಬಿಸಿಲು ಕಂಡವರಿಗೆ ಇದೇನು ಅನ್ನಬೇಡಿ, ಆ ಬಿಸಿಲು ಚರ್ಮ ಸುಡುವ ರೀತಿಯೇ ಬೇರೆ.

ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್. ದೊಡ್ಡ ಕೋರ್ಟಿನ ಟಿಕೆಟ್ ದುಬಾರಿ. ಮೊದಲ ವಾರ ಗ್ರೌಂಡ್ ಪಾಸ್ ತಗೊಂಡು ಹೊರಗಿನ ಕೋರ್ಟುಗಳಲ್ಲಿ ಡಬಲ್ಸ್ ನೋಡಿ. ಆಟಗಾರರು ಉಸಿರು ಬಿಡುವುದೂ ಕೇಳಿಸುವಷ್ಟು ಹತ್ತಿರ. 2024ರಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಅಲ್ಲೇ ಡಬಲ್ಸ್ ಗೆದ್ದರು.

ಐಪಿಎಲ್ ಚಿಂತೆ ಇದ್ದೇ ಇರುತ್ತದೆ, ಅಲ್ವಾ? ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಇಲ್ಲಿ ಸಂಜೆ 7.30ರ ಮ್ಯಾಚ್ ಅಲ್ಲಿ ನಡುರಾತ್ರಿ ಶುರು. ನಾಲ್ಕೈದು ಮನೆಯವರು ಸೇರಿ ನೋಡಬೇಕೆಂದರೆ ರಜಾ ದಿನದ 3.30ರ ಮ್ಯಾಚ್ ಆರಿಸಿ. ಅಲ್ಲಿ ರಾತ್ರಿ 8. ಊಟ ಮಾಡುತ್ತಾ ನೋಡಿ, ಹನ್ನೆರಡಕ್ಕೆ ಮಲಗಬಹುದು.

ಹೊರಡುವ ಮುಂಚೆ ಎರಡು ಕೆಲಸ. ವರ್ಕ್ ವೀಸಾದವರಿಗೆ ಹೆಲ್ತ್ ಇನ್ಶೂರೆನ್ಸ್ ಇರಲೇಬೇಕು. ಅದರಲ್ಲಿ ಆಂಬ್ಯುಲೆನ್ಸ್ ಸೇರಿದೆಯಾ, ಫಿಸಿಯೊ ಖರ್ಚು ಕೊಡುತ್ತಾರಾ ಅಂತ ಕೇಳಿ ಬರೆಸಿಕೊಳ್ಳಿ. ಮೆಲ್ಬರ್ನಿನಲ್ಲಿ ಆಂಬ್ಯುಲೆನ್ಸ್ ಪುಕ್ಕಟೆ ಅಲ್ಲ. ಎರಡನೆಯದು, ಕಿಟ್. ಬ್ಯಾಟು, ಪ್ಯಾಡು ಇಲ್ಲೇ ತಗೊಳ್ಳಿ, ಅಗ್ಗ. ಆದರೆ ಆಡಿದ ಶೂ ಒಯ್ಯುವುದಾದರೆ ಬ್ರಶ್ ಹಾಕಿ ಅಡಿಯೆಲ್ಲ ತೊಳೆದು ಚೆನ್ನಾಗಿ ಒಣಗಿಸಿ. ಸ್ಪೈಕ್ಸ್ ಸಂದಿಯಲ್ಲಿ ನಮ್ಮ ಕೆಮ್ಮಣ್ಣು ಒಂದು ಚೂರೂ ಉಳಿಯಬಾರದು. ಹೊರಗಿನ ಮಣ್ಣು ಒಳಗೆ ಬರದ ಹಾಗೆ ಅಲ್ಲಿ ವಿಮಾನ ನಿಲ್ದಾಣದಲ್ಲಿ ತುಂಬ ಕಟ್ಟುನಿಟ್ಟು. ಫಾರಂನಲ್ಲಿ ಮಣ್ಣು, ಆಟದ ಸಾಮಾನು ಅಂತ ಕೇಳುವ ಕಡೆ ಹೌದು ಎಂದು ಗುರುತು ಹಾಕಿ. ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ, ಚಟ್ನಿಪುಡಿಯನ್ನೂ ಬರೆಯಿರಿ. ಹೇಳಿದರೆ ನೋಡಿ ಸಾಮಾನ್ಯವಾಗಿ ಬಿಡುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ.