ಹೊಸ ಈಜುಕೊಳಕ್ಕೆ ಉಪ್ಪು ಕೊನೆಗೆ

ಗೋವಾದ ಬಾರ್ದೇಶ ತಾಲ್ಲೂಕಿನಲ್ಲಿ, ಅದರಲ್ಲೂ ಅಸಗಾಂವ್, ಸಿಯೋಲಿಂ ಕಡೆ, ಹೊಸ ಬಂಗಲೆ ಅಂದರೆ ಹಿತ್ತಲಲ್ಲಿ ಈಜುಕೊಳ ಇರಲೇಬೇಕು ಅನ್ನುವಂತಾಗಿದೆ. ಅವುಗಳನ್ನು ನೋಡಿಕೊಳ್ಳುವ ಹುಡುಗರಲ್ಲಿ ಬಾಗಲಕೋಟೆ, ಗದಗ ಕಡೆಯ ನಮ್ಮವರೂ ಇದ್ದಾರೆ. ಕೊಳ ಕಟ್ಟಿದವರು ಕೀಲಿಕೈ ಕೊಡುವಾಗ "ಉಪ್ಪು ಸುರಿದು ಮಷೀನ್ ಹಾಕಿ, ಅಷ್ಟೇ" ಎಂದು ಹೇಳಿ ಹೊರಟುಬಿಡುತ್ತಾರೆ. ಅಷ್ಟೇ ಅಲ್ಲ.

ಹೀಗೆ ಮಾಡಿದ ಒಂದು ಕೊಳದ ಸೆಲ್, ಅಂದರೆ ಮಷೀನಿನಲ್ಲಿ ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಭಾಗ, ಬಿಚ್ಚಿ ನೋಡಿದ್ದೇನೆ. ಗಾರೆ ಮುಗಿದು ಐದೇ ದಿನಕ್ಕೆ ಉಪ್ಪು ಹಾಕಿ ಓಡಿಸಿದ್ದರು. ಟೈಟಾನಿಯಂ ತಗಡುಗಳ ನಡುವೆ ಸುಣ್ಣ ಹೂಕೋಸಿನ ಹಾಗೆ ಬೆಳೆದಿತ್ತು. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಸುಣ್ಣ. ಹೊಸ ಗಾರೆ ವಾರಗಟ್ಟಲೆ ನೀರಿಗೆ ಸುಣ್ಣ ಬಿಡುತ್ತಲೇ ಇರುತ್ತದೆ. ಹಾಗಾಗಿ 28 ದಿನ ಸೆಲ್ ಮುಟ್ಟಬೇಡಿ, ಉಪ್ಪನ್ನೂ ಹಾಕಬೇಡಿ. ಟೈಲ್ಸ್ ಕೊಳವಾದರೂ ಸಂದಿಗೆ ಸಿಮೆಂಟ್ ತುಂಬಿದ್ದರೆ ಕಾಯುವುದೇ ಒಳ್ಳೆಯದು.

ಇನ್ನೊಂದು ಮಾತು. ಉಪ್ಪುನೀರಿನ ಕೊಳ ಅಂದರೆ ಕ್ಲೋರಿನ್ ಇಲ್ಲದ ಕೊಳ ಅಲ್ಲ. ಉಪ್ಪಿನಿಂದಲೇ ಸೆಲ್ ಕರೆಂಟಿನ ಬಲದಿಂದ ಕ್ಲೋರಿನ್ ತಯಾರಿಸುತ್ತದೆ.

ಮೊದಲು ನೀರಿನ ಲೆಕ್ಕ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳ ಇದ್ದರೆ 40,000 ಲೀಟರ್. ಮುಂದಿನ ಅಳತೆಗಳೆಲ್ಲ ಈ ಕೊಳಕ್ಕೆ. ನಿಮ್ಮದು ಅರ್ಧ ಇದ್ದರೆ ಅರ್ಧ ಹಾಕಿ.

ನೀರು ತುಂಬಿಸುವಾಗ ನಡುವೆ ನಿಲ್ಲಿಸಬೇಡಿ, ಗಾರೆಯ ಮೇಲೆ ಗೆರೆ ಉಳಿಯುತ್ತದೆ. ತುಂಬಿದ ಕೂಡಲೇ ಪಂಪು ಹಾಕಿ, ಮೂರು ದಿನ ಹಗಲೂ ರಾತ್ರಿ ಓಡಲಿ. ಎರಡು ವಾರ ದಿನಕ್ಕೆ ಎರಡು ಸಲ ಗೋಡೆ, ತಳ ಬ್ರಶ್ ಮಾಡಿ. ಮೊದಲ ಎರಡು ದಿನ ಕ್ಲೋರಿನ್ ಬೇಡ. ಆಮೇಲೆ ತಿಂಗಳು ತುಂಬುವವರೆಗೆ ಲಿಕ್ವಿಡ್ ಕ್ಲೋರಿನ್ ಸಾಕು.

ಜನ ಎಡವುವುದು ಆಲ್ಕಲಿನಿಟಿಯಲ್ಲಿ, ಅಂದರೆ ಆಸಿಡ್ ಬಿದ್ದರೂ ತಡೆದುಕೊಳ್ಳುವ ನೀರಿನ ಶಕ್ತಿಯಲ್ಲಿ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ ಎಲ್ಲರೂ ನೋಡುತ್ತಾರೆ, ಇದನ್ನು ಯಾರೂ ನೋಡುವುದಿಲ್ಲ. ಪಿಎಚ್ ಅನ್ನುವ ಎತ್ತಿಗೆ ಆಲ್ಕಲಿನಿಟಿಯೇ ಮೂಗುದಾರ. ಅದು ಸಡಿಲವಾದರೆ ಎತ್ತು ಎತ್ತ ಬೇಕಾದರೂ ಓಡುತ್ತದೆ. ಗೋವಾದ ಕೆಂಪು ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಆಲ್ಕಲಿನಿಟಿ ಕಡಿಮೆ, ಸುಣ್ಣವೂ ಕಡಿಮೆ. ಇಂಥ ನೀರು ತನಗೆ ಬೇಕಾದ ಸುಣ್ಣವನ್ನು ಹೊಸ ಗಾರೆಯಿಂದಲೇ ಕಿತ್ತುಕೊಳ್ಳುತ್ತದೆ.

ಅದಕ್ಕೇ ಮೊದಲ ದಿನವೇ ಅಳೆಯಿರಿ. ಮೊಣಕೈ ಆಳದಿಂದ, ನೀರು ಬಂದು ಬೀಳುವ ಬಾಯಿಯಿಂದ ದೂರದಲ್ಲಿ, ನೀರು ತೆಗೆದುಕೊಳ್ಳಿ. ಹನಿ ಹಾಕುವ ಕಿಟ್ಟನ್ನೇ ಕೊಳ್ಳಿ. ಅದ್ದಿ ನೋಡುವ ಪಟ್ಟಿಗಳು ಇಲ್ಲಿನ ತೇವಕ್ಕೆ ಡಬ್ಬಿಯೊಳಗೇ ಕೆಡುತ್ತವೆ, ಸುಮ್ನೆ ದುಡ್ಡು ದಂಡ. ಬಣ್ಣದ ದ್ರಾವಣ ಹಾಕಿದಾಗ ನೀರು ಹಸಿರಾಗುತ್ತದೆ. ನಂತರ ಆಸಿಡ್ ಹನಿಗಳನ್ನು ಒಂದೊಂದಾಗಿ ಬಿಡುತ್ತಾ, ಶೀಶೆ ಅಲ್ಲಾಡಿಸುತ್ತಾ ಎಣಿಸಿ. ಹಸಿರು ಹೋಗಿ ಪೂರ್ತಿ ಕೆಂಪಾಗಬೇಕು. ಹೆಚ್ಚಿನ ಕಿಟ್‌ಗಳಲ್ಲಿ ಒಂದು ಹನಿ ಅಂದರೆ 10 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಹತ್ತು ಪಾಲು). ಮೂರೇ ಹನಿಗೆ ಕೆಂಪಾದರೆ 30 ಇದೆ ಎಂದರ್ಥ. ಅದನ್ನು 80ಕ್ಕೆ ತರಲು ಸುಮಾರು ಮೂರೂವರೆ ಕಿಲೋ ಅಡುಗೆ ಸೋಡಾ ಬೇಕು. ವಾಷಿಂಗ್ ಸೋಡಾ ಹಾಕಬೇಡಿ, ಅದು ಪಿಎಚ್ಚನ್ನೇ ಮೇಲಕ್ಕೆ ಎಸೆಯುತ್ತದೆ.

ಸುಣ್ಣದ ಅಂಶ 100ಕ್ಕಿಂತ ಕಡಿಮೆ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ 150ಕ್ಕೆ ತನ್ನಿ. 10 ಪಿಪಿಎಂ ಏರಿಸಲು 600 ಗ್ರಾಂ. ಬಕೆಟ್ಟಿನಲ್ಲಿ ಕರಗಿಸುವಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೆದರಬೇಡಿ. ಆದರೆ ಸೋಡಾ ಹಾಕಿದ ದಿನವೇ ಇದನ್ನು ಹಾಕಿದರೆ ನೀರು ಹಾಲಿನಂತಾಗುತ್ತದೆ. ಒಂದು ದಿನ ಬಿಡಿ.

ಇನ್ನು ಆಸಿಡ್. ಗಾರೆಯ ಸುಣ್ಣದಿಂದ ಪಿಎಚ್ ದಿನಾ ಏರುತ್ತದೆ. ಸಿಯೋಲಿಂನಲ್ಲಿ ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಅಣ್ಣಾರ, ದಿನಾ ಎರಡ ಲೀಟರ್ ಆಸಿಡ್ ಹಾಕ್ತೀನ್ರಿ, ಮರುದಿನ ಮತ್ತ ಏರಿರ್ತೈತ್ರಿ" ಅಂದ. ಅವನ ಕೊಳದ ಗೋಡೆ ಮುಟ್ಟಿದರೆ ಉಪ್ಪುಕಾಗದದ ಹಾಗೆ ತರಿತರಿ. ಈ ಕೊಳದಲ್ಲಿ ಎರಡು ಲೀಟರ್ ಆಸಿಡ್ ಒಂದೇ ಏಟಿಗೆ ಸುಮಾರು 25 ಪಿಪಿಎಂ ಆಲ್ಕಲಿನಿಟಿ ತಿನ್ನುತ್ತದೆ. ಸಂಜೆ ಪಿಎಚ್ ಏಳಕ್ಕಿಂತ ಕೆಳಗೆ ಬಿದ್ದು ಗಾರೆಯನ್ನು ಕೊರೆಯುತ್ತದೆ, ಬೆಳಗ್ಗೆ ಮತ್ತೆ ಮೇಲೆ. ಅವನು ಆಲ್ಕಲಿನಿಟಿಯನ್ನು ಒಮ್ಮೆಯೂ ಅಳೆದಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ.

ಸರಿಯಾದ ರೀತಿ ಹೀಗೆ. ಪಿಎಚ್ 8.2 ತೋರಿಸಿದರೆ 250ರಿಂದ 300 ಮಿಲಿಲೀಟರ್ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಸಾಕು. ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿಸಿ, ಅದರೊಳಗೆ ಆಸಿಡ್ ಸುರಿಯಿರಿ. ಆಸಿಡ್ಡಿಗೆ ನೀರು ಸುರಿಯಲೇಬಾರದು, ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಇರಲಿ. ಪಂಪು ಓಡುತ್ತಿರುವಾಗ ಆಳದ ಕಡೆ ನಿಧಾನವಾಗಿ ಬಿಡಿ. ಐದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. 7.4ರಿಂದ 7.6ರ ನಡುವೆ ಬಂದರೆ ಅಂದಿಗೆ ಮುಗಿಯಿತು. ಸಾಮಾನ್ಯ ಕಿಟ್ 8.2ಕ್ಕಿಂತ ಮೇಲೆ ತೋರಿಸುವುದೇ ಇಲ್ಲ. ಗಾಢ ಗುಲಾಬಿ ಬಂದರೆ ನಿಜವಾದ ಪಿಎಚ್ ಇನ್ನೂ ಜಾಸ್ತಿ ಇರಬಹುದು. ಆಗಲೂ ಅಷ್ಟೇ ಹಾಕಿ, ಮತ್ತೆ ಅಳೆಯಿರಿ. ವಾರಕ್ಕೆ ಎರಡು ಸಲ ಆಲ್ಕಲಿನಿಟಿ ನೋಡಿ. 70ಕ್ಕಿಂತ ಇಳಿದಿದ್ದರೆ ಸೋಡಾ.

ಕಕ್ಕಸು ತೊಳೆಯುವ ಹಳದಿ ಆಸಿಡ್ ತರಬೇಡಿ. ಅದರ ಹಳದಿಗೆ ಹೆಚ್ಚಾಗಿ ಕಬ್ಬಿಣವೇ ಕಾರಣ, ಬಿಳಿ ಗಾರೆಗೆ ಕಲೆ ಹಿಡಿಯುತ್ತದೆ. ನೀರು ನೀಲಿಯಾಗಲಿ ಎಂದು ಮೈಲುತುತ್ತ ಹಾಕುವವರಿದ್ದಾರೆ. ಅದು ಅಡಿಕೆಗೆ ಹೊಡೆಯುವ ಬೋರ್ಡೋಕ್ಕಿರಲಿ. ಆಸಿಡ್ ಮತ್ತು ಕ್ಲೋರಿನ್ ಡಬ್ಬಿಗಳನ್ನು ಒಂದೇ ಕಪಾಟಿನಲ್ಲಿ ಇಡಬೇಡಿ. ಎರಡೂ ಬೆರೆತರೆ ಏಳುವ ಗ್ಯಾಸ್ ಪ್ರಾಣ ತೆಗೆಯಬಲ್ಲದು.

28 ದಿನ ಆಯಿತೇ? ಈಗ ಉಪ್ಪು. ಹಾಕುವ ಮೊದಲು ನೀರಲ್ಲಿ ಎಷ್ಟಿದೆ ಎಂದು ನೋಡಿ, ಕರಾವಳಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರಿರುತ್ತದೆ. ಹೆಚ್ಚಿನ ಮಷೀನ್‌ಗಳಿಗೆ 3,200 ಪಿಪಿಎಂ ಹತ್ತಿರ ಬೇಕು, ಸಮುದ್ರದ ನೀರಿನ ಹತ್ತರಲ್ಲಿ ಒಂದು ಪಾಲು ಅಷ್ಟೇ. ನೀರಲ್ಲಿ ಮೊದಲೇ 400 ಇದ್ದರೆ 112 ಕಿಲೋ ಸಾಕು. ಮೊದಲು 80 ಕಿಲೋ ಹಾಕಿ, ಬ್ರಶ್ಶಿನಿಂದ ತಳ ಕೆದಕಿ, 24 ಗಂಟೆ ಪಂಪು ಓಡಿಸಿ, ಅಳೆದು ಉಳಿದದ್ದು ಹಾಕಿ. ಜಾಸ್ತಿಯಾದರೆ ನೀರು ಚೆಲ್ಲುವುದೊಂದೇ ದಾರಿ. ಪೂರ್ತಿ ಕರಗುವ ತನಕ ಸೆಲ್ ಬಂದ್ ಇರಲಿ. ಉಪ್ಪು ಅಯೋಡಿನ್ ಇಲ್ಲದ್ದು, ಶುದ್ಧ ಮಾಡಿದ್ದು ಆಗಬೇಕು. ಸಾಣಿಕಟ್ಟಾ ಉಪ್ಪು, ಇಲ್ಲಿನ ಅಗರವಾಡೆಯ ಉಪ್ಪು ಮೀನುಸಾರಿಗೆ, ಉಪ್ಪಿನಕಾಯಿಗೆ ಬಹಳ ರುಚಿ. ಆದರೆ ಅದರಲ್ಲಿರುವ ಮಣ್ಣು, ಮೆಗ್ನೀಷಿಯಂ ಕೊಳಕ್ಕೆ ಬೇಡ.

ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಎರಡು ಕಿಲೋ ಸಯನ್ಯೂರಿಕ್ ಆಸಿಡ್ ಅನ್ನು ಹಳೇ ಕಾಲುಚೀಲದಲ್ಲಿ ಕಟ್ಟಿ, ನೀರು ಬರುವ ಬಾಯಿಯ ಮುಂದೆ ತೂಗುಬಿಡಿ. ಕರಗಲು ಕೆಲವು ದಿನ ಹಿಡಿಯುತ್ತದೆ.

ಸೆಲ್ ಶುರು ಮಾಡಿದ ಮೇಲೂ ಪಿಎಚ್ ಏರುತ್ತದೆ. ಸೆಲ್ಲಿನಲ್ಲಿ ಏಳುವ ಸಣ್ಣ ಗುಳ್ಳೆಗಳು ನೀರಿನ ಇಂಗಾಲದ ಡೈಆಕ್ಸೈಡನ್ನು ಹೊರಗೆ ಓಡಿಸುವುದೇ ಇದಕ್ಕೆ ಮುಖ್ಯ ಕಾರಣ. ಆಲ್ಕಲಿನಿಟಿ 70-80ರಲ್ಲಿ ಇಟ್ಟರೆ ಏರಿಕೆ ನಿಧಾನ. ಸೆಲ್ಲನ್ನು ಅರ್ಧಕ್ಕೆ ಇಟ್ಟು ದಿನಕ್ಕೆ ಎಂಟು ಗಂಟೆ ಓಡಿಸಿ ನೋಡಿ. ಕ್ಲೋರಿನ್ 2ರಿಂದ 3 ಪಿಪಿಎಂ ನಿಲ್ಲುವಂತೆ ಹೊಂದಿಸಿ.

ಜೂನ್ ಬಂತೆಂದರೆ ಮಳೆ ನೀರು ಕೊಳ ತುಂಬಿ ಚೆಲ್ಲುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಮಳೆಗಾಲದಲ್ಲಿ ಪ್ರತಿ ವಾರ ಉಪ್ಪು ಅಳೆಯಿರಿ. ಮಷೀನಿನಲ್ಲಿ ಉಪ್ಪು ಕಡಿಮೆ ಎಂದು ದೀಪ ಹೊತ್ತಿದ ಕೂಡಲೇ ಚೀಲ ಎತ್ತಬೇಡಿ. ಸೆಲ್ಲಿಗೆ ಸುಣ್ಣ ಕಟ್ಟಿದ್ದರೂ ಅದೇ ದೀಪ ಹೊತ್ತುತ್ತದೆ. ಮೊದಲು ಸೆಲ್ ಬಿಚ್ಚಿ ತಗಡುಗಳನ್ನು ನೋಡಿ.