ಅಮೆರಿಕನ್ ಮಧ್ಯಮ ಬಾಂಬರ್ ಸ್ಕ್ವಾಡ್ರನ್ನಿನ ಯುದ್ಧಸೇವೆಯನ್ನು ದಾಖಲೆಗಳಿಂದ ತಿಳಿಯುವ ಬಗೆ

ಎರಡನೇ ಮಹಾಯುದ್ಧದ ಸ್ಕ್ವಾಡ್ರನ್ ಒಂದರ ಚರಿತ್ರೆಯನ್ನು ಹುಡುಕುವವರು ಅದು ಯಾವ ಬಾಂಬಾರ್ಡ್‌ಮೆಂಟ್ ಗ್ರೂಪಿಗೆ, ಅಂದರೆ ಹಲವು ಸ್ಕ್ವಾಡ್ರನ್‌ಗಳ ದೊಡ್ಡ ಘಟಕಕ್ಕೆ, ಸೇರಿತ್ತೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬಿ-25 ಮಿಚೆಲ್ ಅಥವಾ ಬಿ-26 ಮರಾಡರ್ ಎಂಬ ಮಧ್ಯಮ ಬಾಂಬರ್ ವಿಮಾನಗಳ ಗ್ರೂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಕ್ವಾಡ್ರನ್‌ಗಳಿರುತ್ತಿದ್ದವು. ದಾಳಿಯ ವರದಿಗಳು ಬಹುಪಾಲು ಗ್ರೂಪಿನ ಹೆಸರಿನಲ್ಲೇ ಇವೆ. ಯುರೋಪಿನಲ್ಲಿ 9ನೇ ವಾಯುಪಡೆಯ ಮರಾಡರ್‌ಗಳು ಹಲವು ಬಾರಿ 36 ವಿಮಾನಗಳ ವ್ಯೂಹದಲ್ಲಿ, ಹದಿನೆಂಟರಂತೆ ಎರಡು ತಂಡಗಳಾಗಿ ಹಾರುತ್ತಿದ್ದವು. ಮುಂದಾಳು ವಿಮಾನ ಬಾಂಬು ಹಾಕಿದೊಡನೆ ಹಿಂದಿನವರೂ ಹಾಕುತ್ತಿದ್ದರು. ಆದ್ದರಿಂದ ಸೇತುವೆಯೊಂದನ್ನು ಕೆಡವಿದ್ದು ಇಂಥದ್ದೇ ಸ್ಕ್ವಾಡ್ರನ್ ಎಂದು ಬರೆಯುವ ಮುನ್ನ, ಆ ದಿನದ ವ್ಯೂಹದ ನಕ್ಷೆಯಲ್ಲಿ ಅದರ ಸ್ಥಾನವನ್ನು ನೋಡಲೇಬೇಕು.

ಆದರೆ ಗ್ರೂಪಿನ ಕಥೆಯೇ ಸ್ಕ್ವಾಡ್ರನ್ನಿನ ಕಥೆಯೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. 341ನೇ ಗ್ರೂಪಿನ ಕೇಂದ್ರ ಕಚೇರಿ 1944ರ ಆರಂಭದಲ್ಲಿ ಚೀನಾಕ್ಕೆ ಹೋದಾಗ, ಅದರ 490ನೇ ಸ್ಕ್ವಾಡ್ರನ್ ಭಾರತದಲ್ಲೇ ಉಳಿದು 10ನೇ ವಾಯುಪಡೆಯ ಅಡಿಯಲ್ಲಿ ಬರ್ಮಾದ ಸೇತುವೆಗಳ ಮೇಲೆ ದಾಳಿ ನಡೆಸುತ್ತಿತ್ತು. ವಿಮಾನದ ಮಾದರಿಯೂ ಬದಲಾಗುತ್ತಿತ್ತು: 1942ರ ಏಪ್ರಿಲ್ 18ರಂದು ಟೋಕಿಯೊ ಮತ್ತಿತರ ನಗರಗಳ ಮೇಲೆ ದಾಳಿ ಮಾಡಿದ ಡೂಲಿಟ್ಲ್ ಪಡೆಯ 16 ಬಿ-25ಗಳಿಗೆ ಸಿಬ್ಬಂದಿ ಒದಗಿಸಿದ 17ನೇ ಗ್ರೂಪು, ಮುಂದೆ ಮೆಡಿಟರೇನಿಯನ್ ರಣರಂಗದಲ್ಲಿ ಬಿ-26 ಹಾರಿಸಿತು.

ಮೂಲ ದಾಖಲೆಗಳು ಮುಖ್ಯವಾಗಿ ಎರಡು ಕಡೆ ಇವೆ. ಅಲಬಾಮಾದ ಮ್ಯಾಕ್ಸ್‌ವೆಲ್ ವಾಯುನೆಲೆಯಲ್ಲಿರುವ ವಾಯುಪಡೆಯ ಇತಿಹಾಸ ಸಂಶೋಧನಾ ಸಂಸ್ಥೆಯಲ್ಲಿ ಸ್ಕ್ವಾಡ್ರನ್‌ಗಳ ಮಾಸಿಕ ಇತಿಹಾಸಗಳು ಮೈಕ್ರೋಫಿಲ್ಮಿನಲ್ಲಿವೆ. ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನ ರಾಷ್ಟ್ರೀಯ ಪತ್ರಾಗಾರದಲ್ಲಿ, 18ನೇ ದಾಖಲೆ ಸಮೂಹದಡಿ, ದಾಳಿಯ ವರದಿಗಳಿವೆ. ಮಾಸಿಕ ಇತಿಹಾಸ ಓದಲು ಸೊಗಸು; ಶಿಬಿರದ ಕೆಸರು, ಊಟ, ಬೇಸರ ಎಲ್ಲವೂ ಅದರಲ್ಲಿ ಸಿಗುತ್ತವೆ. ಆದರೆ ದಾಳಿಯ ಫಲದ ವಿಷಯದಲ್ಲಿ ನಾನು ಅದಕ್ಕಿಂತ ಆ ದಿನದ ವರದಿಯನ್ನೂ ಬಾಂಬು ಬಿದ್ದ ಜಾಗದ ಛಾಯಾಚಿತ್ರಗಳನ್ನೂ ಹೆಚ್ಚು ನಂಬುತ್ತೇನೆ.

ಛಾಯಾಚಿತ್ರವೊಂದು ಕೈಗೆ ಬಂದರೆ ವಿಮಾನದ ಬಾಲವನ್ನೂ ಒಡಲನ್ನೂ ನಿಧಾನವಾಗಿ ಓದಬೇಕು. ಇನ್ನೂರಕ್ಕೂ ಹೆಚ್ಚು ದಾಳಿಗಳಲ್ಲಿ ಹಾರಿದ ‘ಫ್ಲ್ಯಾಕ್-ಬೇಟ್’ ಎಂಬ ಮರಾಡರಿನ ಒಡಲಿನ ಮೇಲೆ ‘ಪಿಎನ್’ ಮತ್ತು ‘ಒ’ ಎಂಬ ಇಂಗ್ಲಿಷ್ ಅಕ್ಷರಗಳಿವೆ. ‘ಪಿಎನ್’ 322ನೇ ಗ್ರೂಪಿನ 449ನೇ ಸ್ಕ್ವಾಡ್ರನ್ನಿನ ಗುರುತು, ‘ಒ’ ಆ ವಿಮಾನದ್ದು. ಅದರ ಕ್ರಮಸಂಖ್ಯೆ 41-31773. ಮೊದಲೆರಡು ಅಂಕಿಗಳು ಖರೀದಿಯ ಆರ್ಥಿಕ ವರ್ಷವನ್ನು ತಿಳಿಸುತ್ತವೆ. ಬಾಲದ ಮೇಲೆ ಬರೆಯುವಾಗ ಮೊದಲ ಅಂಕಿಯಾದ 4ನ್ನು ಬಿಡುತ್ತಿದ್ದರಿಂದ ಅಲ್ಲಿ 131773 ಎಂದಷ್ಟೇ ಕಾಣುತ್ತದೆ. ಈ ಸಂಖ್ಯೆ ಸಿಕ್ಕರೆ ದಾರಿ ಅರ್ಧ ಸವೆದಂತೆ.

ನಷ್ಟಗಳಿಗೆ ‘ಕಾಣೆಯಾದ ವಿಮಾನ ಸಿಬ್ಬಂದಿಯ ವರದಿ’ಗಳೇ ಆಧಾರ. ಅವುಗಳಲ್ಲಿ ಎಂಜಿನ್ನುಗಳ ಸಂಖ್ಯೆಗಳು, ಸಿಬ್ಬಂದಿಯ ಹೆಸರುಗಳು, ವಿಮಾನ ಕೊನೆಯದಾಗಿ ಕಂಡ ಜಾಗ, ಜೊತೆಯ ವಿಮಾನಗಳಲ್ಲಿದ್ದವರ ಹೇಳಿಕೆಗಳು ಇರುತ್ತವೆ. ಈ ಪದ್ಧತಿ ಜಾರಿಗೆ ಬಂದದ್ದು 1943ರಲ್ಲಿ. ಅದಕ್ಕೂ ಹಿಂದಿನ ನಷ್ಟಗಳಿಗೆ ಗ್ರೂಪಿನ ಕಾಗದಗಳನ್ನೇ ಶೋಧಿಸಬೇಕಾಗಬಹುದು. ಸಂಖ್ಯೆಗಳನ್ನು ಓದುವಾಗಲೂ ಎಚ್ಚರ ಬೇಕು. 1943ರ ಮೇ 17ರಂದು ಹಾಲೆಂಡಿನ ಐಮೌಡೆನ್ ಮೇಲೆ 322ನೇ ಗ್ರೂಪು ಅತಿ ಕೆಳಮಟ್ಟದಲ್ಲಿ ದಾಳಿಗೆ ಹೊರಟಾಗ ಹನ್ನೊಂದು ವಿಮಾನಗಳು ಮೇಲೇರಿದವು, ಒಂದು ನಡುದಾರಿಯಲ್ಲಿ ಹಿಂದಿರುಗಿತು, ಉಳಿದ ಹತ್ತೂ ಮರಳಲಿಲ್ಲ. ಹೊರಟವು ಎಷ್ಟು, ಗುರಿಯತ್ತ ಮುಂದುವರಿದವು ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆದುಕೊಳ್ಳದಿದ್ದರೆ, ಆ ದಿನ ಆ ಗ್ರೂಪು ತೆತ್ತ ಬೆಲೆ ಓದುಗರಿಗೆ ತಿಳಿಯುವುದಿಲ್ಲ. ಯುರೋಪಿನ ಮರಾಡರ್‌ಗಳು ಆಮೇಲೆ ಮಧ್ಯಮ ಎತ್ತರದ ದಾಳಿಗೆ ಬದಲಾದುದಕ್ಕೆ ಈ ದುರಂತವೇ ಕಾರಣ.

ಒಬ್ಬ ಸೈನಿಕನ ಹೆಸರನ್ನು ಹಿಡಿದು ಹುಡುಕುವವರಿಗೆ ದೊಡ್ಡ ಅಡ್ಡಿಯೆಂದರೆ 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿ. 1912ರ ನವೆಂಬರಿನಿಂದ 1960ರ ಜನವರಿಯವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ. 80ರಷ್ಟು ಅಂದು ನಾಶವಾದವು. ವಾಯುದಳ ಆಗ ಭೂಸೇನೆಯ ಅಂಗವಾಗಿದ್ದರಿಂದ ಬಾಂಬರ್ ಸಿಬ್ಬಂದಿಯ ಕಡತಗಳೂ ಅದರಲ್ಲಿ ಸೇರಿದ್ದವು. ಕಡತ ಸಿಗದಿದ್ದರೆ ಘಟಕದ ಬೆಳಗಿನ ವರದಿಗಳನ್ನು ಕೇಳಬೇಕು: ಯಾರು ಹೊಸದಾಗಿ ಬಂದರು, ಯಾರು ಆಸ್ಪತ್ರೆ ಸೇರಿದರು, ಯಾರು ಕಾಣೆಯಾದರು ಎಂಬುದು ಅವುಗಳಲ್ಲಿ ದಿನಾಂಕ ಸಹಿತ ದಾಖಲಾಗಿರುತ್ತದೆ.