ಪಿಜ್ಜಾ ಹಿಟ್ಟು ಉಬ್ಬಿತಾ ಅಂತ ಗಡಿಯಾರವನ್ನು ಕೇಳಬೇಡಿ

ಹೋದ ವರ್ಷ ಪುಷ್ಯ ಮಳೆ ಹಿಡಿದಾಗ ತಂಗಿಯ ಮಗಳು ಮೂಡಿಗೆರೆಗೆ ಬಂದಿದ್ದಳು. ಮಕ್ಕಳಿಗೆ ಪಿಜ್ಜಾ ಮಾಡ್ತೀನಿ ದೊಡ್ಡಮ್ಮ ಅಂತ ಮೈದಾ ಕಲಸಿ, ಮೊಬೈಲಿನಲ್ಲಿ ಎರಡು ಗಂಟೆಗೆ ಅಲಾರಂ ಇಟ್ಟು ಕೂತಳು. ಅಲಾರಂ ಹೊಡೆಯಿತು. ಹಿಟ್ಟು ಇಟ್ಟಲ್ಲೇ ಗುಂಡುಕಲ್ಲಿನ ಹಾಗೆ ಕೂತಿತ್ತು. ಅದನ್ನೇ ತಟ್ಟಿ ಬೇಯಿಸಿದಳು. ಮಕ್ಕಳು ಮೇಲಿನ ಚೀಸ್ ಕೆರೆದು ತಿಂದು ಕೆಳಗಿನದನ್ನು ತಟ್ಟೆಯಲ್ಲೇ ಬಿಟ್ಟವು. ಅಷ್ಟು ಸಾಮಾನು ದಂಡ. ನನಗೆ ಹೊಟ್ಟೆ ಉರಿದುಹೋಯಿತು.

ಅವಳೊಬ್ಬಳೇ ಅಲ್ಲ, ಈಗಿನವರೆಲ್ಲ ಹೀಗೇ ಮಾಡುತ್ತಾರೆ. ಎರಡು ಗಂಟೆ ಅಂತ ಹೇಳುವ ಅಡುಗೆ ವಿಡಿಯೊದವರು ಯಾವ ಸೆಕೆಯ ಊರಿನವರೋ, ಅಲ್ಲಿ ಎರಡು ಗಂಟೆ ಸಾಕು. ಜಡಿಮಳೆಯಲ್ಲಿ ನಮ್ಮ ಅಡುಗೆಮನೆಯ ಕಡಪಾ ಕಲ್ಲು ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಅಲ್ಲಿ ಈಸ್ಟ್ ಹೇಗೆ ಏಳಬೇಕು ಹೇಳಿ? ಏಳಲಿಲ್ಲ ಅಂತ ಇನ್ನೊಂದು ಚಮಚ ಸುರಿಯುತ್ತಾರೆ. ಆಮೇಲೆ ಪಿಜ್ಜಾ ತುಂಬ ಈಸ್ಟ್ ವಾಸನೆ. ಕುದಿಯುವ ನೀರು ಹಾಕುವವರೂ ಇದ್ದಾರೆ. ಅದರಲ್ಲಿ ಈಸ್ಟ್ ಸತ್ತೇ ಹೋಗುತ್ತದೆ. ಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿ ಇದ್ದರೆ ಸಾಕು.

ರಾತ್ರಿಯೇ ಕಲಸಿಡಿ. ಅರ್ಧ ಕೆಜಿ ಮೈದಾಗೆ ಕಾಲು ಟೀ ಚಮಚ ಒಣ ಈಸ್ಟ್, ಉಪ್ಪು, ಚಿಟಿಕೆ ಸಕ್ಕರೆ, ಒಂದಿಷ್ಟು ಎಣ್ಣೆ. ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಒಬ್ಬಟ್ಟಿನ ಕಣಕಕ್ಕಿಂತ ಗಟ್ಟಿ ಇರಬೇಕು. ಕೈಗೆ ಅಂಟುವುದು ಬಿಡುವ ತನಕ ಚೆನ್ನಾಗಿ ನಾದಿ. ನಾದುವುದಕ್ಕೆ ಸೋಮಾರಿತನ ಮಾಡಬೇಡಿ.

ಈಗ ಹೇಳುವುದನ್ನು ಮಾತ್ರ ತಪ್ಪಿಸಬೇಡಿ. ನಾದಿದ ಕೂಡಲೇ ನಿಂಬೆಹಣ್ಣಿನಷ್ಟು ಹಿಟ್ಟು ಕಿತ್ತು ಒಂದು ಗಾಜಿನ ಲೋಟಕ್ಕೆ ಹಾಕಿ. ಲೋಟ ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರಬೇಕು, ಸಣ್ಣಗೂ ಇರಬೇಕು. ಸ್ಟೀಲ್ ಲೋಟ ಬೇಡ, ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಬೆರಳು ಒದ್ದೆ ಮಾಡಿಕೊಂಡು ಹಿಟ್ಟನ್ನು ಅದುಮಿ. ಅಡಿಯಲ್ಲಿ ಗಾಳಿ ನಿಲ್ಲಬಾರದು, ಮೇಲೆ ಮಟ್ಟಸವಾಗಿರಬೇಕು. ಹಿಟ್ಟು ಎಲ್ಲಿಗೆ ಬಂದಿದೆಯೋ ಅಲ್ಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಎರಡು ಬೆರಳು ಎತ್ತರ ಇದ್ದರೆ ನಾಲ್ಕು ಬೆರಳಿಗೆ ಇನ್ನೊಂದು. ಆ ಲೋಟವನ್ನು ಉಳಿದ ಹಿಟ್ಟು ಇರುವ ದೊಡ್ಡ ಪಾತ್ರೆಯ ಒಳಗೇ, ಹಿಟ್ಟಿಗೆ ಒತ್ತಿಕೊಂಡ ಹಾಗೆ ನಿಲ್ಲಿಸಿ, ಎರಡಕ್ಕೂ ಸೇರಿಸಿ ಒದ್ದೆ ಬಟ್ಟೆ, ಅದರ ಮೇಲೆ ತಟ್ಟೆ ಮುಚ್ಚಿ. ಲೋಟ ದೂರ ಇಟ್ಟರೆ ಚಿಕ್ಕ ಚೂರು ಬೇಗ ತಣ್ಣಗಾಗಿ ನಿಮಗೆ ಮೋಸ ಮಾಡುತ್ತದೆ. ಬೆಳಿಗ್ಗೆ ಎದ್ದು ಲೋಟ ನೋಡಿ. ನಡುವೆ ಗುಮ್ಮಟದ ಹಾಗೆ ಎದ್ದಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಚು ಎರಡನೇ ಬ್ಯಾಂಡ್ ಮುಟ್ಟಿರಬೇಕು. ಮುಟ್ಟಿಲ್ಲವಾ, ಕಾಯಿರಿ. ಎಂಟು ಗಂಟೆಯಾಗಲಿ, ಹದಿನಾಲ್ಕಾಗಲಿ. ಗಾಜಿನ ಪಕ್ಕದಲ್ಲಿ ಜೇನುಗೂಡಿನ ಹಾಗೆ ತೂತು ತೂತು ಕಾಣುತ್ತದಲ್ಲ, ಅದನ್ನು ನೋಡಿದರೇ ನನಗೆ ಸಮಾಧಾನ.

ಇದರ ಬುದ್ಧಿ ಬಂದಿದ್ದು ನಮ್ಮ ಅತ್ತೆಯಿಂದ. ಅವರು ಮಳೆಗಾಲದಲ್ಲಿ ದೋಸೆ ಹಿಟ್ಟನ್ನು ಬಚ್ಚಲ ಹಂಡೆ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುತ್ತಿದ್ದರು. ಸರಿಯಾಗಿ ಅರ್ಧ ಪಾತ್ರೆ. ಕಂಠಕ್ಕೆ ಬಂದರೆ ಹದ ಆಯಿತು ಅಂತ. ಗಂಟೆ ಎಷ್ಟು ಅಂತ ಅವರು ಒಂದು ದಿನ ಕೇಳಿದ್ದಿಲ್ಲ.

ಓವನ್ ಇಲ್ಲ ಅಂತ ಕೊರಗಬೇಡಿ. ಪಿಜ್ಜಾದ ತವರು ಇಟಲಿಯ ನೇಪಲ್ಸಿನಲ್ಲಿ ಸೌದೆ ಒಲೆ 400 ಡಿಗ್ರಿ ದಾಟಿ ಕಾದಿರುತ್ತದೆ, 60ರಿಂದ 90 ಸೆಕೆಂಡಿನಲ್ಲಿ ಬೆಂದೇ ಹೋಗುತ್ತದೆ. ಮನೆಯ ಚಿಕ್ಕ ಓವನ್ನಿಗೂ ಅಷ್ಟು ಕಾವು ಬರುವುದಿಲ್ಲ. ನಮ್ಮ ಬೀಡು ಕಬ್ಬಿಣದ ಕಾವಲಿ ಕಾವು ಹಿಡಿದಿಟ್ಟುಕೊಳ್ಳುತ್ತದೆ, ಅದೇ ಸಾಕು. ಆದರೆ ಕಾವಲಿಯನ್ನು ಸೋಪು ನೀರಿನಲ್ಲಿ ನೆನೆಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಬಿಸಿ ಇರುವಾಗಲೇ ಒರೆಸಿ, ಎಣ್ಣೆ ಸವರಿ ಎತ್ತಿಡಿ. ತುಕ್ಕು ಹಿಡಿಸಿ ಹೊಸ ನಾನ್‌ಸ್ಟಿಕ್ ತರುವುದು ಯಾವ ಉಳಿತಾಯ?

ಉಂಡೆ ಮಾಡಿ ಬಾಳೆಲೆಗೆ ಎಣ್ಣೆ ಸವರಿ ಬೆರಳಲ್ಲೇ ತಟ್ಟಿ. ಲಟ್ಟಣಿಗೆ ಬೇಡ, ರಾತ್ರಿಯಿಡೀ ತುಂಬಿದ ಗಾಳಿ ಹೊರಟುಹೋಗುತ್ತದೆ. ಕಾದ ಕಾವಲಿಗೆ ಹಾಕಿ, ಕೆಳಗೆ ಕಂದು ಚುಕ್ಕಿ ಬಿದ್ದ ಮೇಲೆ ಮಗುಚಿ, ಉರಿ ಸಣ್ಣ ಮಾಡಿ. ಬೆಂದ ಮೈ ಮೇಲೆ ಬಂತಲ್ಲ, ಅದರ ಮೇಲೆ ಸಾಸ್ ಹಚ್ಚಿ. ಸಾಸ್ ಅಂದರೆ ಬಾಟಲಿಯದ್ದಲ್ಲ. ಟೊಮ್ಯಾಟೊ ತುರಿದು ಬೆಳ್ಳುಳ್ಳಿ, ಎರಡು ಜೀರಿಗೆ ಮೆಣಸು (ನಮ್ಮ ಕಡೆಯ ಪುಟ್ಟ ಖಾರದ ಮೆಣಸಿನಕಾಯಿ) ಜಜ್ಜಿ ಹಾಕಿ ನೀರು ಹಿಂಗುವ ತನಕ ಕುದಿಸಿದರೆ ಆಯಿತು. ಮೇಲೆ ನಮ್ಮ ಹಾಸನದ ಆಲೂಗಡ್ಡೆ. ಎಲೆಯಷ್ಟು ತೆಳ್ಳಗೆ ಹೆಚ್ಚಿ ಉಪ್ಪು ಹಚ್ಚಿಟ್ಟು, ನೀರು ಹಿಂಡಿ, ಎಣ್ಣೆಯಲ್ಲಿ ಅರೆಬರೆ ಬಾಡಿಸಿ ಹರಡಿ. ರೋಮಿನವರೂ ಆಲೂಗಡ್ಡೆ ಪಿಜ್ಜಾ ತಿನ್ನುತ್ತಾರೆ, ಬಡತನದ ಅಡುಗೆ ಅಂತ ಮುಖ ತಿರುಗಿಸಬೇಡಿ. ಆಲೂಗಡ್ಡೆ ಇದ್ದರೆ ಚೀಸ್ ಅರ್ಧಕ್ಕರ್ಧ ಸಾಕು. ಮೊಜರೆಲ್ಲಾನೇ ತನ್ನಿ. ಸ್ಯಾಂಡ್‌ವಿಚ್ಚಿನ ಚೀಸ್ ಅದರ ಹಾಗೆ ಎಳೆ ಬಿಡುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಕೂಡಲೇ ತುರಿದರೆ ಕೈಗೆ ಮೆತ್ತಿಕೊಂಡು ದಂಡವಾಗುವುದಿಲ್ಲ. ಕಾಳುಮೆಣಸು ಕುಟ್ಟಿ ಉದುರಿಸಿ. ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿ, ಇಲ್ಲದಿದ್ದರೆ ಹಬೆಯ ನೀರು ತೊಟ್ಟಿಕ್ಕಿ ಮೇಲೆಲ್ಲ ಪಿಚಪಿಚ. ಚೀಸ್ ಕರಗಿ ಕುದಿ ಬಂದಾಗ ಇಳಿಸಿ.

ಅರ್ಧ ಕೆಜಿ ಹಿಟ್ಟಿಗೆ ಕಾವಲಿ ಅಗಲದವು ನಾಲ್ಕು ಆಗುತ್ತವೆ. ಜಾಸ್ತಿಯಾದ ಉಂಡೆಗೆ ಎಣ್ಣೆ ಸವರಿ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮಾರನೇ ದಿನಕ್ಕೆ ಇನ್ನೂ ರುಚಿ. ಆ ಲೋಟದ ಚೂರನ್ನು ಬಿಸಾಡಬೇಡಿ, ಕೊನೆಯ ಉಂಡೆಗೆ ಸೇರಿಸಿ.